ಕನ್ನಡಿಯಲ್ಲಿ ಕಟ್ಟಿದ ತಂತಿ

ಹೊಲಿಗೆಯಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದು ವಿಮಾನ ಬೆಳೆಯುತ್ತಿದೆ ಎಂಬ ಸಂಗತಿ ಆ ಬೀದಿಯವರಿಗೆ ಮೊದಲ ವರ್ಷ ನಗೆಪಾಟಲಾಗಿತ್ತು, ಮೂರನೆಯ ವರ್ಷ ಅಭ್ಯಾಸವಾಗಿತ್ತು, ಏಳನೆಯ ವರ್ಷದ ಹೊತ್ತಿಗೆ ಹೆಮ್ಮೆಯಾಗಿತ್ತು. ಹೊಸಬರು ದಾರಿ ಕೇಳಿದರೆ "ವಿಮಾನದ ಮನೆ ದಾಟಿ ಎಡಕ್ಕೆ" ಎನ್ನುವಷ್ಟು ಅದು ಬೀದಿಗೆ ಒಗ್ಗಿಹೋಗಿತ್ತು. ಅದನ್ನು ಕಟ್ಟಲು ಒಂಬತ್ತು ವರ್ಷ ಹಿಡಿಯಿತೆಂದು ಹೇಳುವವರಿದ್ದಾರೆ, ಹದಿಮೂರು ಎನ್ನುವವರೂ ಇದ್ದಾರೆ. ಹನ್ನೊಂದು ಎಂಬುದೇ ಸರಿ. ಏಕೆಂದರೆ ರೆಕ್ಕೆಯ ಮೊದಲ ಪಕ್ಕೆಲುಬಿಗೆ ಮರ ಕೊಯ್ದ ವರ್ಷವೇ ಬಡಗಿಯ ಮದುವೆಯಾದದ್ದು. ಎಂಜಿನ್ನಿನ ಕೊನೆಯ ತಂತಿ ಬಿಗಿದ ವರ್ಷ ಆ ಗಂಡಹೆಂಡಿರು ತಮ್ಮ ಮದುವೆಗೆ ಹನ್ನೊಂದು ತುಂಬಿದ ದಿನವೇ ಜಗಳವಾಡಿದ್ದನ್ನು ಬೀದಿಯೆಲ್ಲ ಕಿವಿಯಾರೆ ಕೇಳಿತ್ತು.

ಕಟ್ಟಿದವರು ಒಂದೇ ಮನೆಯ ನಾಲ್ವರು. ಹಿರಿಯರು ಮೇಷ್ಟ್ರು, ತಾಂತ್ರಿಕ ಶಾಲೆಯ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಅರ ಹಿಡಿಯುವುದನ್ನೂ ಇಕ್ಕಳ ಹಿಡಿಯುವುದನ್ನೂ ಕಲಿಸಿದವರು. ಎಂಜಿನ್ ಅವರ ಪಾಲು. ಅವರ ತಮ್ಮ ಬಡಗಿ. ಮರದ ಕೆಲಸವೆಲ್ಲ ಅವನದು. ತಮ್ಮನ ಹೆಂಡತಿ ಸಿಟಿ ಬಸ್ಸಿನ ಡ್ರೈವರು. ರಜೆಯ ದಿನಗಳಲ್ಲಿ ಊರಾಚೆಯ ಹಾರಾಟದ ಕ್ಲಬ್ಬಿಗೆ ಹೋಗಿ ಕಲಿತು ಲೈಸೆನ್ಸು ಪಡೆದಿದ್ದವಳಾದ್ದರಿಂದ, ವಿಮಾನವನ್ನು ಮೇಲಕ್ಕೊಯ್ಯುವ ಭಾರ ಅವಳ ಮೇಲಿತ್ತು. ಇನ್ನು ಮೇಷ್ಟ್ರ ಹೆಂಡತಿ, ಎಲ್ಲರ ಬಾಯಲ್ಲಿ ಹೊಲಿಗೆಯಕ್ಕ. ರೆಕ್ಕೆಗಳಿಗೆ ಬಟ್ಟೆ ಹೊದಿಸಿ, ಮೇಣ ಹಚ್ಚಿದ ದಾರದಿಂದ, ಬಾಗಿದ ಸೂಜಿಯಿಂದ, ಮೂರು ಬೆರಳಿಗೊಂದು ಗಂಟಿನಂತೆ ಪಕ್ಕೆಲುಬುಗಳಿಗೆ ಬಿಗಿದವಳು ಅವಳು. ರೆಕ್ಕೆ ಊಟದ ಮೇಜಿನ ಮೇಲೆ ಮಲಗಿದ್ದ ಆ ಎರಡು ವರ್ಷ ಮನೆಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು.

ಈ ಕಥೆ ಅವಳದು.

ಮೇಷ್ಟ್ರು ತೀರಿಕೊಂಡದ್ದು ಎಂಜಿನ್ ಪೂರ್ತಿಯಾದ ಮೂರೇ ವಾರಕ್ಕೆ. ಮಧ್ಯಾಹ್ನ ಊಟ ಮಾಡಿ, ಸ್ವಲ್ಪ ಒರಗುತ್ತೇನೆ ಎಂದವರು ಏಳಲಿಲ್ಲ. ಅದಾದ ಮೇಲೆ ಎರಡು ವರ್ಷ ಶೆಡ್ಡಿನ ಬಾಗಿಲು ತೆಗೆದವರಿಲ್ಲ. ಅಂಗಡಿಯ ಹಿಂದಿನ ಕಿಟಕಿ ಶೆಡ್ಡಿನತ್ತ ತೆರೆಯುತ್ತಿದ್ದುದರಿಂದ ಹೊಲಿಗೆಯಕ್ಕ ಅದಕ್ಕೊಂದು ದಪ್ಪ ಪರದೆ ಹೊಲಿದು ಹಾಕಿ, ಮೆಷಿನ್ನನ್ನು ಬೀದಿಯ ಕಡೆಗೆ ತಿರುಗಿಸಿಕೊಂಡಳು.

ಹೀಗಿರುವಾಗ ಒಂದು ದಿನ ಓರಗಿತ್ತಿ ಬಸ್ಸಿನ ಕೆಲಸ ಮುಗಿಸಿ, ಖಾಕಿ ಕೋಟಿನ ಗುಂಡಿ ಕಿತ್ತಿದೆ ಎಂಬ ನೆಪ ಹಿಡಿದು ಅಂಗಡಿಗೆ ಬಂದಳು. ಗುಂಡಿ ತಾನಾಗಿ ಕಿತ್ತುಹೋದದ್ದಲ್ಲ, ಬೇಕೆಂದೇ ಕಿತ್ತದ್ದು ಎಂಬುದು ದಾರದ ತುದಿ ನೋಡಿದ ಕೂಡಲೇ ಹೊಲಿಗೆಯಕ್ಕನಿಗೆ ತಿಳಿಯಿತು.

"ಅಕ್ಕ, ಒಂದು ಮಾತು ಕೇಳ್ಲಾ? ಬೈಬಾರ್ದು."

"ಬೈಯೋ ಅಂಥ ಮಾತಾದ್ರೆ ಬೈತೀನಿ. ಕೇಳು."

"ಹಾರಿಸೋಣ."

ಸೂಜಿ ಗುಂಡಿಯ ತೂತಿನಲ್ಲೇ ನಿಂತಿತು. ಓರಗಿತ್ತಿ ಉಸಿರು ಬಿಡದೆ ಮುಂದುವರಿಸಿದಳು: "ನಿಮ್ಮ ಮೈದುನ ಶೆಡ್ಡಿನ ಕಡೆ ತಲೆ ಹಾಕಿ ಮಲಗೋದನ್ನೂ ಬಿಟ್ಟಿದಾರೆ. ಕುರ್ಚಿ ಮಾಡಿದ್ರೆ ಅದರ ಕೈ ರೆಕ್ಕೆ ಥರ ಬಾಗಿರುತ್ತೆ. ಮೊನ್ನೆ ಒಬ್ಬ ಗಿರಾಕಿ, ಇದರ ಮೇಲೆ ಕೂರಬೇಕಾ ಇಲ್ಲ ಹಾರಬೇಕಾ ಅಂತ ಕೇಳ್ದ. ನಾನೂ ಬಸ್ಸಲ್ಲಿ ಕೂತ್ಕೊಂಡು ಮೇಲೇ ನೋಡ್ತಿರ್ತೀನಿ. ಇವತ್ತು ಒಂದು ಸ್ಟಾಪು ಮರೆತೇ ಬಿಟ್ಟೆ. ಜನ ಬೊಬ್ಬೆ ಹಾಕಿದ್ರು."

ಹೊಲಿಗೆಯಕ್ಕ ಗುಂಡಿಗೆ ನಾಲ್ಕು ಸುತ್ತು ದಾರ ಹಾಕಿ, ಗಂಟು ಬಿಗಿದು, ಹಲ್ಲಿನಿಂದ ಕಡಿದಳು. ಆಮೇಲೆ ತಲೆಯೆತ್ತಿದಳು.

"ಹಾರಿಸು. ಆದ್ರೆ ಒಂದು ಷರತ್ತು. ಎಣ್ಣೆ ಬದಲಾಯಿಸಿ, ಪೆಟ್ರೋಲಿನ ಪೈಪು ಬದಲಾಯಿಸಿ, ಬೇಕಾದ್ರೆ ಚಕ್ರಾನೇ ಬದಲಾಯಿಸಿ. ನಿಮ್ಮ ಭಾವ ಕಟ್ಟಿದ ತಂತಿಗೆ ಮಾತ್ರ ಯಾರೂ ಇಕ್ಕಳ ಹಾಕಬಾರ್ದು. ಒಂದಕ್ಕೂ."

ಆ ತಂತಿಗಳ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಎಂಜಿನ್ ಎಂದರೆ ನಡುಗುವ ಯಂತ್ರ. ನಡುಗಿ ನಡುಗಿ ಅದರ ಬೋಲ್ಟುಗಳು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸಡಿಲವಾಗುತ್ತ ಬರುತ್ತವೆ. ರಸ್ತೆಯ ಮೇಲಿನ ಗಾಡಿಯಾದರೆ ಬದಿಗೆ ನಿಲ್ಲಿಸಿ ಬಿಗಿಯಬಹುದು. ಆಕಾಶಕ್ಕೆ ರಸ್ತೆಬದಿ ಎಂಬುದಿಲ್ಲ. ಅದಕ್ಕಾಗಿ ವಿಮಾನದ ಬೋಲ್ಟುಗಳ ತಲೆಗೆ ಅಡ್ಡಲಾಗಿ ತೂತು ಕೊರೆದು, ತುಕ್ಕು ಹಿಡಿಯದ ಉಕ್ಕಿನ ಸಣ್ಣ ತಂತಿ ಪೋಣಿಸಿ, ಎರಡೆಳೆಯನ್ನೂ ಜಡೆಯಂತೆ ತಿರುಚಿ, ಪಕ್ಕದ ಬೋಲ್ಟಿನ ತಲೆಗೆ ಕಟ್ಟುತ್ತಾರೆ. ಕಟ್ಟಿದರಷ್ಟೇ ಸಾಲದು, ಕಟ್ಟುವ ದಿಕ್ಕು ಮುಖ್ಯ. ಮೇಷ್ಟ್ರು ಅದನ್ನು ತಮ್ಮದೇ ಧಾಟಿಯಲ್ಲಿ ಹೇಳಿಕೊಡುತ್ತಿದ್ದರು: "ಇವನು ಸಡಿಲಾಗೋಕೆ ಹೊರಟ್ರೆ ತಂತಿ ಎಳೆದು ಅವನ ಕಿವಿ ಬಿಗೀಬೇಕು. ಅವನು ಹೊರಟ್ರೆ ಇವನ ಕಿವಿ. ಇಬ್ರೂ ಒಬ್ಬರನ್ನೊಬ್ರು ಕಾಯ್ತಾ ಕೂತಿರಬೇಕು." ದಿಕ್ಕು ತಪ್ಪಿದರೆ ಕಾಯಬೇಕಾದ ತಂತಿಯೇ ಬಿಚ್ಚಲು ದಾರಿ ಬಿಟ್ಟುಕೊಡುತ್ತದೆ. ಇನ್ನೊಂದು ನಿಯಮವೂ ಉಂಟು: ಒಮ್ಮೆ ಕತ್ತರಿಸಿದ ತಂತಿಯನ್ನು ಮತ್ತೆ ಕಟ್ಟುವಂತಿಲ್ಲ. ಅದು ಕಸಕ್ಕೆ ಹೋಗಬೇಕು, ಹೊಸ ತಂತಿ ಬರಬೇಕು.

ಆ ಎಂಜಿನ್ನಿನ ಮೇಲೆ ಅಂಥ ನಲವತ್ತಮೂರು ಕಟ್ಟುಗಳಿದ್ದವು, ಎಲ್ಲವೂ ಮೇಷ್ಟ್ರ ಕೈಯವು. ಕೈಬರಹ ನೋಡಿ ಬರೆದವರನ್ನು ಗುರುತಿಸುವಂತೆ ತಿಳಿದವರು ತಿರುವು ನೋಡಿಯೇ ಕಟ್ಟಿದವರನ್ನು ಗುರುತಿಸುತ್ತಿದ್ದರು. ಅವರ ಸುತ್ತುಗಳು ಒತ್ತಾಗಿ, ಒಂದರ ಬೆನ್ನಿಗೊಂದು ಸಮನಾಗಿ ಕೂರುತ್ತಿದ್ದವು. ಕತ್ತರಿಸಿದ ತುದಿಯನ್ನು ಅವರು ಒಳಮುಖವಾಗಿ ಮಡಚಿ ಬೋಲ್ಟಿನ ಮಗ್ಗುಲಿಗೆ ಅಡಗಿಸಿಡುತ್ತಿದ್ದರು. "ನಾಳೆ ಇಲ್ಲಿ ಕೈ ಹಾಕೋನು ಯಾರೋ ಏನೋ. ಅವನ ಬೆರಳು ಯಾಕೆ ಕುಯ್ಯಬೇಕು?" ಎನ್ನುತ್ತಿದ್ದರು. ಅವರ ಅಂಗಿಗಳನ್ನು ಹೊಲಿಗೆಯಕ್ಕ ಹಂಚಿಬಿಟ್ಟಿದ್ದಳು, ಕನ್ನಡಕವನ್ನು ಯಾರಿಗೋ ಕೊಟ್ಟಿದ್ದಳು. ಅವರ ಕೈ ಮುಟ್ಟಿದ್ದು ಮುಟ್ಟಿದ ಹಾಗೆಯೇ ಉಳಿದದ್ದೆಂದರೆ ಆ ನಲವತ್ತಮೂರು ಕಟ್ಟುಗಳು ಮಾತ್ರ.

ಷರತ್ತಿಗೆ ಎಲ್ಲರೂ ಒಪ್ಪಿದರು. ಬಡಗಿ ಪರದೆ ಸರಿಸಿ ಶೆಡ್ಡಿನ ಬಾಗಿಲು ತೆಗೆದ. ನಾಲ್ಕು ತಿಂಗಳು ಕಳೆದ ಮೇಲೆ ರೆಕ್ಕೆಗಳನ್ನು ಬಿಚ್ಚಿ, ಹಾಸಿಗೆಗಳ ನಡುವೆ ಮಲಗಿಸಿ, ಲಾರಿಯ ಮೇಲೆ ಕ್ಲಬ್ಬಿನ ಮೈದಾನಕ್ಕೆ ಸಾಗಿಸಿದರು. ಬೀದಿಯವರು ಬಾಗಿಲಲ್ಲಿ ನಿಂತು ಹೆಣ್ಣು ಕಳಿಸಿಕೊಡುವವರಂತೆ ಮುಖ ಮಾಡಿಕೊಂಡರು. ಮೈದಾನದ ಅಂಚಿನ ದೊಡ್ಡ ಶೆಡ್ಡಿನಲ್ಲಿ ರೆಕ್ಕೆಗಳು ಮತ್ತೆ ಮೈ ಸೇರಿದವು. ಉಳಿದದ್ದು ಕೊನೆಯ ತಪಾಸಣೆಯೊಂದೇ. ತಪಾಸಣೆಯವನು ಸಹಿ ಹಾಕಿದರೆ ಮರುದಿನ ಬೆಳಗ್ಗೆ ಹಾರಾಟ.

ಬಂದ ಇನ್ಸ್‌ಪೆಕ್ಟರು ಮೇಷ್ಟ್ರ ಹಳೆಯ ಶಿಷ್ಯ, ಈಗ ಐವತ್ತರ ಹತ್ತಿರದ ಮನುಷ್ಯ. ವರ್ಕ್‌ಶಾಪಿನಲ್ಲಿದ್ದಾಗ ಯಾವ ತಂತಿ ತಿರುಚಿದರೂ ಅರ್ಧ ಸುತ್ತು ಕಡಿಮೆಯೇ ಬರುತ್ತಿದ್ದುದರಿಂದ ಮೇಷ್ಟ್ರು ಅವನಿಗೆ 'ಅರ್ಧಸುತ್ತು' ಎಂದೇ ಹೆಸರಿಟ್ಟಿದ್ದರು.

"ಅಮ್ಮಾ, ಚೆನ್ನಾಗಿದೀರಾ?" ಎಂದು ಅವನು ಕೈ ಮುಗಿದ.

"ಚೆನ್ನಾಗಿದೀನಪ್ಪ. ನಿನ್ನ ಸುತ್ತು ಪೂರ್ತಿ ಆಯ್ತಾ?"

"ಆಗದೆ ಈ ಕೆಲಸ ಕೊಡ್ತಾರಾ ಅಮ್ಮಾ? ಆದ್ರೂ ಕನಸಲ್ಲಿ ಬಂದು ಗೆಣ್ಣಿಗೆ ಹೊಡೀತಾರೆ ಮೇಷ್ಟ್ರು."

ಅವನು ಪಟ್ಟಿ ಹಿಡಿದು ಬೆಳಗಿನಿಂದ ಮಧ್ಯಾಹ್ನದವರೆಗೆ ವಿಮಾನದ ಸುತ್ತ ತೆವಳಿದ. ಎಂಜಿನ್ನಿನ ಹೊದಿಕೆ ತೆಗೆದಾಗ ಮಾತ್ರ ಪಟ್ಟಿಯನ್ನು ಕೆಳಗಿಟ್ಟ. "ಅವರ ಕೈ," ಎಂದ. "ಈಗ ಯಾರು ಹೀಗೆ ಕಟ್ತಾರೆ?" ಒಂದೊಂದೇ ಕಟ್ಟನ್ನು ಟಾರ್ಚ್ ಬಿಟ್ಟು ನೋಡಿದ. ಎಂಜಿನ್ನಿನ ಹಿಂಬದಿಗೆ ನೇರ ನೋಟ ಸಿಗುವುದಿಲ್ಲ. ಅದಕ್ಕೂ ಬೆಂಕಿತಡೆಯ ತಗಡಿಗೂ ನಡುವೆ ಒಂದು ಗೇಣು ಜಾಗವಷ್ಟೇ. ಅಲ್ಲಿ ಏಳು ಕಟ್ಟುಗಳಿದ್ದವು. ಅವುಗಳಲ್ಲಿ ಎಣ್ಣೆ ಸೋಸುವ ಜಾಲರಿಯ ಮುಚ್ಚಳದ್ದು ಎಲ್ಲಕ್ಕಿಂತ ಆಳದಲ್ಲಿತ್ತು. ಅವನು ಕಡ್ಡಿಯ ತುದಿಗಿದ್ದ ಪುಟ್ಟ ಕನ್ನಡಿಯನ್ನು ಒಳಗೆ ತೂರಿಸಿ ಒಂದೊಂದನ್ನೂ ನೋಡಿ ತಲೆದೂಗಿದ. ಕೊನೆಗೆ ಪಟ್ಟಿಯ ತಳದಲ್ಲಿ ಸಹಿ ಹಾಕಿದ.

"ನಲವತ್ತಮೂರಕ್ಕೆ ನಲವತ್ತಮೂರು," ಎಂದ. "ಬನ್ನಿ, ಚಹಾ ಕುಡಿಯೋಣ. ಆಮೇಲೆ ಹೊದಿಕೆ ಮುಚ್ಚಿಬಿಡಿ."

ಮೂವರೂ ಹೊರಗಿನ ಬೆಂಚಿನ ಕಡೆ ಹೋದರು. ಹೊಲಿಗೆಯಕ್ಕ ಮಾತ್ರ ಬರುತ್ತೇನೆ ಎಂದು ಹಿಂದುಳಿದಳು.

ಹೊದಿಕೆ ಮುಚ್ಚಿದರೆ ಆ ಕಟ್ಟುಗಳು ಇನ್ನೆಷ್ಟು ದಿನಕ್ಕೆ ಕಾಣುವವೋ ಎಂಬುದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ಮುಂದಿನವನ್ನು ಕಣ್ಣಿಂದ ನೋಡಿದಳು. ಹಿಂದಿನವನ್ನು ನೋಡಲು ಕನ್ನಡಿಯಿರಲಿಲ್ಲ, ಅರ್ಧಸುತ್ತು ಅದನ್ನು ಜೇಬಿಗೆ ಹಾಕಿಕೊಂಡಿದ್ದ. ಅವಳು ತೋಳು ಮೇಲೇರಿಸಿ, ಕೆನ್ನೆಯನ್ನು ತಣ್ಣನೆಯ ಲೋಹಕ್ಕೆ ಒತ್ತಿ, ಬಲಗೈಯನ್ನು ಆ ಒಂದು ಗೇಣಿನ ಸಂದಿಗೆ ಇಳಿಸಿದಳು. ಮೇಷ್ಟ್ರಿದ್ದಾಗ ಅಲ್ಲಿ ಕೈ ಹಾಕಲು ಬಿಟ್ಟವರಲ್ಲ. ಹೊಲಿಯುವ ಕೈಗೆ ಗಾಯವಾಗಬಾರದು ಎಂಬುದು ಅವರ ಕಟ್ಟಪ್ಪಣೆ. ಕತ್ತಲೆಯ ಕೋಣೆಯಲ್ಲೂ ಬಟ್ಟೆಯ ಒಳಮೈ ಹೊರಮೈ ಹೇಳಬಲ್ಲ ಬೆರಳುಗಳು ತಂತಿಯ ಮೇಲೆ ಮೆಲ್ಲಗೆ ನಡೆದವು. ಒತ್ತಾದ ಸುತ್ತುಗಳು. ಒಳಕ್ಕೆ ಮಡಚಿದ ತುದಿ. ಅವರೇ ಅಲ್ಲಿ ನಿಂತು ಕೈ ಹಿಡಿದಂತಾಯಿತು ಅವಳಿಗೆ.

ಆರು ಕಟ್ಟು ಮುಟ್ಟಿ ಏಳನೆಯದಕ್ಕೆ, ಜಾಲರಿಯ ಮುಚ್ಚಳಕ್ಕೆ ಬಂದಾಗ ಬೆರಳು ತಡೆಯಿತು.

ಬೆನ್ನ ಹಿಂದೆ ಹಿಡಿದ ಡಬ್ಬಿಯ ಮುಚ್ಚಳವನ್ನು ಯಾವ ಕಡೆ ತಿರುಗಿಸಿದರೆ ತೆರೆಯುತ್ತದೆ ಎಂದು ಕಣ್ಣಿಗೆ ತಿಳಿಯದಿದ್ದರೂ ಕೈಗೆ ತಿಳಿದಿರುತ್ತದೆ. ಅವಳು ಬೋಲ್ಟಿನ ತಲೆಯನ್ನು ಹಾಗೆಯೇ ಹಿಡಿದು, ತೆರೆಯುವ ಕಡೆಗೆ ಬೆರಳು ತಿರುಗಿಸಿದಳು. ಬೋಲ್ಟು ಬಿಗಿಯಾಗಿಯೇ ಇತ್ತು, ಅಲುಗಲಿಲ್ಲ. ಆದರೆ ಆ ಕಡೆಗೆ ತಿರುಗಿದರೆ ತಂತಿ ಎದುರು ನಿಂತು ತಡೆಯಬೇಕಿತ್ತು. ಇಲ್ಲಿ ತಂತಿಯೂ ಅದೇ ಕಡೆಗೆ ಹೊರಟಿತ್ತು. ಪಕ್ಕದ ಬೋಲ್ಟನ್ನು ಹಿಡಿದು ನೋಡಿದಳು, ಅದೂ ಹಾಗೆಯೇ. ಕೈ ಹೊರತೆಗೆದು, ಕಣ್ಣಿಗೆ ಕಾಣುವ ಮುಂದಿನ ಜೋಡಿಯೊಂದರ ಮೇಲಿಟ್ಟು ಅದೇ ರೀತಿ ತಿರುಗಿಸಿದಳು. ಅಲ್ಲಿ ತಂತಿ ಎದುರು ನಿಂತಿತು. ಮತ್ತೆ ಹಿಂದಕ್ಕೆ ಕೈ ಹಾಕಿದಳು. ಬೆರಳು ಸುಳ್ಳು ಹೇಳುತ್ತಿರಲಿಲ್ಲ. ಒಬ್ಬ ಸಡಿಲಾದರೆ ಇನ್ನೊಬ್ಬನಿಗೂ ಸಡಿಲಾಗೆಂದು ಹೇಳಿಕೊಡುವ ಹಾಗೆ ಆ ತಂತಿಯನ್ನು ಕಟ್ಟಲಾಗಿತ್ತು. ಆ ಮುಚ್ಚಳ ಸಡಿಲಾದರೆ ಎಂಜಿನ್ನಿನ ಎಣ್ಣೆಯೆಲ್ಲ ನಿಮಿಷಗಳಲ್ಲಿ ಗಾಳಿಪಾಲು.

ಮರುಕ್ಷಣವೇ ಅವಳಿಗೆ ಆ ಬೆಳಗು ನೆನಪಾಯಿತು. ನೆನಪಾಯಿತು ಎನ್ನುವುದು ಸರಿಯಲ್ಲ. ಅದನ್ನು ಅವಳು ಮರೆತೇ ಇರಲಿಲ್ಲ. ಎರಡು ವರ್ಷ ದಿನಕ್ಕೊಮ್ಮೆಯಾದರೂ ಹೊರತೆಗೆದು, ಒರೆಸಿ, ಮತ್ತೆ ಒಳಗಿಟ್ಟುಕೊಂಡ ಬೆಳಗು ಅದು.

ಹಿಂಬದಿಯ ಕಟ್ಟು ಬಿಗಿಯುವಾಗಲೆಲ್ಲ ಕನ್ನಡಿ ಹಿಡಿಯುವ ಕೆಲಸ ಅವಳದಾಗಿತ್ತು. ಕನ್ನಡಿಯಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಅದಕ್ಕೆ ಮೇಷ್ಟ್ರು ಒಂದು ಕ್ರಮ ಇಟ್ಟುಕೊಂಡಿದ್ದರು. ಮೊದಲು ತಂತಿಯ ದಾರಿಯನ್ನು ಹಾಳೆಯ ಮೇಲೆ ಬರೆಯುವುದು. ಆ ಹಾಳೆಯನ್ನು ಕನ್ನಡಿಗೆ ಹಿಡಿದು, ಒಳಗೆ ಕಾಣುವ ತಿರುಗಾಮುರುಗಾ ಚಿತ್ರವನ್ನು ಕಣ್ಣಿಗೆ ತುಂಬಿಕೊಳ್ಳುವುದು. ಕನ್ನಡಿಯಲ್ಲಿ ತಂತಿ ಆ ಚಿತ್ರದಂತೆ ಕಾಣುವ ಹಾಗೆ ಕಟ್ಟುವುದು. ಹಾಳೆಯಿಲ್ಲದೆ ಅವರು ಹಿಂಬದಿಗೆ ಕೈ ಹಾಕಿದವರೇ ಅಲ್ಲ. ಆ ಬೆಳಗೊಂದನ್ನು ಬಿಟ್ಟು.

ಉಳಿದಿದ್ದದ್ದು ಅದೊಂದೇ ಕಟ್ಟು. ಕೋಟು ಒಯ್ಯಲು ಗಿರಾಕಿ ಹತ್ತು ಗಂಟೆಗೆ ಬರುತ್ತೇನೆಂದಿದ್ದ, ಅದರ ತೋಳಿಗೆ ಇನ್ನೂ ಅಸ್ತರು ಕೂಡಿಸಿರಲಿಲ್ಲ.

"ಪೆನ್ಸಿಲ್ಲು ಎಲ್ಲಿಟ್ಟೆ?" ಎಂದಿದ್ದರು ಮೇಷ್ಟ್ರು.

"ಇವತ್ತೊಂದು ದಿನ ಆ ಚಿತ್ರಕಲೆ ಬಿಡ್ರೀ. ನನ್ನ ಕೈ ಸೋತು ಹೋಗಿದೆ. ಇಷ್ಟು ವರ್ಷ ಬರೆದ್ರಲ್ಲ, ಇನ್ನೂ ಬಾಯಿಪಾಠ ಆಗಿಲ್ವಾ?"

"ಆಗಿದೆ ಕಣೇ. ಪರೀಕ್ಷೆ ಮಾಡ್ತೀಯಾ? ಹಿಡಿ ಕನ್ನಡಿ."

ಹಿಡಿದಳು. ಅವರು ಒಂದು ಬದಿಯಿಂದ, ಇವಳು ಇನ್ನೊಂದು ಬದಿಯಿಂದ ಎಂಜಿನ್ನನ್ನು ಅಪ್ಪಿಕೊಂಡಂತೆ ಬಾಗಿದ್ದರು. ಕೈ ಸೋತು ಕನ್ನಡಿ ಸ್ವಲ್ಪ ವಾಲಿದಾಗ ಬೋಲ್ಟು ಮಾಯವಾಗಿ ಅದರಲ್ಲಿ ಅವರ ಮುಖ ಕಂಡಿತು. ಅವರಿಗೆ ಇವಳದು ಕಂಡಿತು. ಅವರು ನಾಲಗೆ ಹೊರಚಾಚಿ ಅಣಕಿಸಿದರು. "ನರೆ ಕಾಣ್ತಿದೆ ಮೇಡಂ, ಬಣ್ಣ ಹಚ್ಕೊಳ್ಳಿ" ಎಂದರು. ಇವಳು ನಕ್ಕು ಕನ್ನಡಿ ಬೀಳಿಸುವುದರಲ್ಲಿದ್ದಳು. ಐವತ್ತೈದರ ಹೆಂಗಸು ಹದಿನೆಂಟರವಳಂತೆ ನಕ್ಕದ್ದು ಅದೇ ಕೊನೆ. ಆ ನಗುವಿನ ನಡುವೆ ತಂತಿ ತಿರುಚಿದರು, ಕನ್ನಡಿಯಲ್ಲಿ ನೋಡಿ ಸರಿಯಿದೆ ಎಂದರು. ಕನ್ನಡಿಯಲ್ಲಿ ಸರಿಯಾಗಿಯೇ ಇತ್ತು. ಇವತ್ತು ಅರ್ಧಸುತ್ತಿನ ಕನ್ನಡಿಯಲ್ಲೂ ಸರಿಯಾಗಿಯೇ ಕಂಡಿತು.

ಹೊರಗೆ ಬೆಂಚಿನ ಕಡೆಯಿಂದ ನಗು ಕೇಳಿಸಿತು. ಅರ್ಧಸುತ್ತು ಮೇಷ್ಟ್ರ ಧ್ವನಿಯನ್ನು ಅನುಕರಿಸುತ್ತಿದ್ದ. ಓರಗಿತ್ತಿ ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದಳು. ನಾಳೆ ಬೆಳಗ್ಗೆ ಆ ಎಂಜಿನ್ನಿನ ಹಿಂದೆ ಕೂರುವವಳು ಅವಳು.

ಇಲ್ಲಿ ಹೊಲಿಗೆಯಕ್ಕ ಬಹಳ ಹೊತ್ತು ಯೋಚಿಸಿದಳೆಂದು ಕೆಲವರು ಬೆಳೆಸಿ ಹೇಳುತ್ತಾರೆ. ಯೋಚಿಸಲು ಏನಿತ್ತು? ಹೇಳಲೇಬೇಕೆಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಅವಳನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಹೇಳಿದರೆ ತಂತಿಯೊಂದಿಗೆ ಆ ಬೆಳಗೂ ಹೋಗುತ್ತದೆ. ಇನ್ನು ಮುಂದೆ ಅದನ್ನು ಹೊರತೆಗೆದಾಗಲೆಲ್ಲ ನಗುವಿನ ಪಕ್ಕದಲ್ಲಿ ತನ್ನ ಅವಸರವೂ ಕೂತಿರುತ್ತದೆ. ಅವಳು ಸಂದಿಯಿಂದ ಕೈ ಎಳೆದುಕೊಂಡು, ತೋಳು ಇಳಿಸಿ, ಹೊರಗೆ ನಡೆದಳು.

"ಆ ಸಹಿ ಹೊಡೆದು ಹಾಕು," ಎಂದಳು ಅರ್ಧಸುತ್ತಿಗೆ.

ಚಹಾದ ಲೋಟ ಅವನ ತುಟಿಯ ಹತ್ತಿರವೇ ನಿಂತಿತು. "ಯಾಕಮ್ಮಾ?"

"ಜಾಲರಿ ಮುಚ್ಚಳದ ತಂತಿ ಉಲ್ಟಾ ಇದೆ."

"ಇಲ್ಲಮ್ಮಾ, ನಾನೇ ನೋಡಿದೆ."

"ಕನ್ನಡಿಯಲ್ಲಿ ನೋಡ್ದೆ. ಅವರೂ ಕನ್ನಡಿಯಲ್ಲೇ ನೋಡಿದ್ದು. ಈಗ ಬಂದು ಕಣ್ಣು ಮುಚ್ಕೊಂಡು ಮುಟ್ಟಿ ನೋಡು."

ಬಡಗಿ ಎದ್ದು ನಿಂತ. ಅವನ ಮುಖ ಕೆಂಪಾಗಿತ್ತು. "ಅತ್ತಿಗೆ, ಏನು ಹೇಳ್ತಿದೀರಿ? ಅಣ್ಣ ತಂತಿ ಉಲ್ಟಾ ಕಟ್ತಾನಾ? ಶಾಲೆಗೆಲ್ಲ ಕಲಿಸಿದೋನು!"

"ಅಣ್ಣ ಒಬ್ಬನೇ ಕಟ್ಟಿದ್ದಲ್ಲ ಕಣೋ. ಇಬ್ರೂ ಸೇರಿ ಕಟ್ಟಿದ್ದು. ಹಾಳೆ ಬೇಡ ಅಂದೋಳು ನಾನು."

ಅರ್ಧಸುತ್ತು ಅಂಗಿಯ ತೋಳು ಮಡಚಿ ಒಳಗೆ ಕೈ ಹಾಕಿದ. ಅವನ ಕಣ್ಣು ಮುಚ್ಚಿದ್ದವು, ತುಟಿ ಏನನ್ನೋ ಎಣಿಸುತ್ತಿರುವಂತೆ ಅಲುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅಲುಗುವುದು ನಿಂತಿತು. ಕೈ ಹೊರತೆಗೆದು, ಪಟ್ಟಿಯನ್ನು ಎತ್ತಿಕೊಂಡು, ತನ್ನ ಸಹಿಯ ಮೇಲೆ ಅಡ್ಡಗೆರೆ ಎಳೆದ.

"ಅವರ ಕೈ ಅಂತ ನೋಡಿದೆ ಅಮ್ಮಾ," ಎಂದ ತಗ್ಗಿದ ಧ್ವನಿಯಲ್ಲಿ. "ತಂತಿ ನೋಡಲಿಲ್ಲ."

ಓರಗಿತ್ತಿ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು. "ಅಂದ್ರೆ ನಾಳೆ ನಾನು ಮೇಲೆ, ಎಣ್ಣೆ ಕೆಳಗೆ. ಬಸ್ಸೇ ವಾಸಿ. ಕೆಟ್ಟರೆ ಜನ ಇಳಿದು ತಳ್ತಾರೆ," ಎಂದಳು. ನಗಿಸಲೆಂದೇ ಹೇಳಿದಳು, ಆದರೆ ಹೇಳುತ್ತಲೇ ಹೊಲಿಗೆಯಕ್ಕನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು, ಬಹಳ ಹೊತ್ತು ಬಿಡಲಿಲ್ಲ.

ಹಿಂಬದಿಯ ಉಳಿದ ಆರು ಕಟ್ಟುಗಳನ್ನು ಅರ್ಧಸುತ್ತು ಕಣ್ಣು ಮುಚ್ಚಿ ಮುಟ್ಟಿ ಪರೀಕ್ಷಿಸಿದ. ಆರೂ ಸರಿಯಿದ್ದವು. ಆರಕ್ಕೂ ಹಾಳೆಯಿತ್ತು.

ಕತ್ತರಿಸುವ ಇಕ್ಕಳ ಬಡಗಿಯ ಕೈಯಲ್ಲಿತ್ತು, ಆದರೆ ಅವನ ಕೈ ಮುಂದಕ್ಕೆ ಹೋಗಲೊಲ್ಲದು. ಹೊಲಿಗೆಯಕ್ಕ ಅದನ್ನು ಇಸಿದುಕೊಂಡಳು. ಅವಳು ಬಟ್ಟೆಯ ಕತ್ತರಿಯಿಂದ ಆ ತಂತಿ ಕತ್ತರಿಸಿದಳೆಂದು ಹೇಳುವವರಿದ್ದಾರೆ, ಅದನ್ನು ನಂಬಬೇಕಾಗಿಲ್ಲ. ಬಟ್ಟೆಯ ಕತ್ತರಿಯನ್ನು ಕಾಗದಕ್ಕೂ ತಾಗಿಸದವಳು ಅವಳು. ಸಂದಿಯೊಳಗೆ ಸಣ್ಣ ಶಬ್ದವಾಯಿತು, ದಾರ ಕಡಿದಷ್ಟೇ ಸಣ್ಣ ಶಬ್ದ. ಎಳೆದು ತೆಗೆದಾಗ ಅಂಗೈಯಲ್ಲಿ ಎರಡಂಗುಲದ ಜಡೆ. ಸುತ್ತುಗಳು ಅಷ್ಟೇ ಒತ್ತು, ಅಷ್ಟೇ ಸಮ. ಒಂದು ಕ್ಷಣ ನೋಡಿ, ನಿಯಮದಂತೆ ಕಸದ ಡಬ್ಬಿಗೆ ಹಾಕಿದಳು. ಅರ್ಧಸುತ್ತು ಬೋಲ್ಟುಗಳ ಬಿಗಿಯನ್ನು ಅಳತೆಯ ಪಾನಾದಿಂದ ನೋಡಿ, ಸರಿಯಿದೆ ಎಂದ.

"ನಾನು ಕಟ್ಟಿಕೊಡ್ತೀನಿ ಅಮ್ಮಾ," ಎಂದು ಅವನು ಹೊಸ ತಂತಿಯ ಸುರುಳಿ ಬಿಚ್ಚಿದ.

"ನೀನು ಕಟ್ಟಿದ್ರೆ ಪರೀಕ್ಷೆ ಮಾಡೋರು ಯಾರು? ಕೊಡಿಲ್ಲಿ."

ಅವಳು ಅದುವರೆಗೆ ಒಂದು ತಂತಿಯನ್ನೂ ತಿರುಚಿದವಳಲ್ಲ. ಹನ್ನೊಂದು ವರ್ಷ ಪಕ್ಕದಲ್ಲಿ ನಿಂತು ನೋಡಿದ್ದಳು, ಅಷ್ಟೇ. ಕನ್ನಡಿ ಬೇಡವೆಂದಳು. ಮೊದಲ ಸಲ ತಿರುಚು ಹೆಚ್ಚಾಗಿ ತಂತಿ ತುಂಡಾಯಿತು.

"ನನ್ನ ಜಡೆ ಹೀಗೆ ಎಳೆದಿದ್ರೆ ಇಷ್ಟೊತ್ತಿಗೆ ನನ್ನ ತಲೆ ಬೋಳಾಗ್ತಿತ್ತು," ಎಂದಳು ಓರಗಿತ್ತಿ, ಹೊಸ ತುಂಡು ಕತ್ತರಿಸಿ ಕೊಡುತ್ತ.

"ಬಾಯಿ ಮುಚ್ಕೊಂಡು ಟಾರ್ಚ್ ಹಿಡಿಯೇ."

"ಕಣ್ಣು ಮುಚ್ಕೊಂಡು ಕಟ್ಟೋರಿಗೆ ಟಾರ್ಚ್ ಯಾಕಕ್ಕ?"

ಎರಡನೆಯ ಸಲ ಸಡಿಲವಾಯಿತು; ಅರ್ಧಸುತ್ತು ಮುಟ್ಟಿ ನೋಡಿ, ಸಂಕೋಚದಿಂದ ತಲೆಯಾಡಿಸಿದ. "ಅರ್ಧ ಸುತ್ತು ಕಮ್ಮಿ," ಎಂದ. ಆ ಮಾತು ಅವನ ಬಾಯಿಂದ ಬಂದದ್ದಕ್ಕೆ ಬಡಗಿ ಕೂಡ ನಕ್ಕುಬಿಟ್ಟ, ಆ ದಿನ ಮೊದಲ ಬಾರಿಗೆ. ಮೂರನೆಯ ಸಲಕ್ಕೆ ತುದಿ ಚುಚ್ಚಿ ಅವಳ ತೋರುಬೆರಳಿನಲ್ಲಿ ರಕ್ತ ಬಂತು. ಅವಳು ಕೈ ತೆಗೆಯಲಿಲ್ಲ. ಬೋಲ್ಟಿನ ತಲೆ ಹಿಡಿದು, ತೆರೆಯುವ ಕಡೆ ಯಾವುದೆಂದು ಕೈಯಿಂದಲೇ ಕೇಳಿಕೊಂಡು, ತಂತಿಯನ್ನು ಅದರ ಎದುರು ದಿಕ್ಕಿಗೆ ಹಾಯಿಸಿ, ಸುತ್ತು ಸುತ್ತಾಗಿ ಬಿಗಿದು, ಪಕ್ಕದ ಬೋಲ್ಟಿಗೆ ಮುಟ್ಟಿಸಿದಳು. ಅವಳ ಸುತ್ತುಗಳು ಮೇಷ್ಟ್ರ ಸುತ್ತುಗಳಷ್ಟು ಒತ್ತಾಗಿರಲಿಲ್ಲ; ನಡುವೆ ಒಂದು ಕಡೆ ಸ್ವಲ್ಪ ಉಬ್ಬಿತ್ತು. ಆದರೆ ಅರ್ಧಸುತ್ತು ಕಣ್ಣು ಮುಚ್ಚಿ ಮುಟ್ಟಿ, ಎರಡೂ ಬೋಲ್ಟನ್ನು ಹಿಡಿದು ನೋಡಿ, "ಪೂರ್ತಿ," ಎಂದ.

ಎಂಜಿನ್ನಿನ ಪುಸ್ತಕದಲ್ಲಿ ಕೆಲಸದ ಕಾರಣ ಬರೆಯಬೇಕಿತ್ತು. ಬಡಗಿ ಮೆಲ್ಲಗೆ ಹೇಳಿದ: "ತಂತಿ ಹಳೇದಾಗಿತ್ತು, ಬದಲಾಯಿಸಿದ್ದು ಅಂತ ಬರೀರಿ ಅತ್ತಿಗೆ. ಅಷ್ಟು ಸಾಕಲ್ಲ?" ಅರ್ಧಸುತ್ತು ಬೇರೆ ಕಡೆ ನೋಡಿದ. ಅವಳು ಪೆನ್ನು ತೆಗೆದುಕೊಂಡಳು. ದರ್ಜಿಯಂಗಡಿಯ ಅಳತೆಪುಸ್ತಕದಲ್ಲಿ ಬರೆಯುವಂಥ ಗುಂಡು ಅಕ್ಷರಗಳಲ್ಲಿ ಬರೆದಳು: 'ಜಾಲರಿ ಮುಚ್ಚಳದ ತಂತಿ ಬಿಚ್ಚುವ ದಿಕ್ಕಿಗೆ ಕಟ್ಟಿತ್ತು. ಹಾಳೆ ಬರೆಯದೆ ಕನ್ನಡಿಯಲ್ಲಿ ನೋಡಿ ಕಟ್ಟಿದ್ದೇ ಕಾರಣ. ಕಟ್ಟಿದವರು ನನ್ನ ಯಜಮಾನರು. ಅವಸರ ಮಾಡಿದವಳು ನಾನು. ಮುಂದೆ ಕೈ ಹಾಕುವವರು ಹಿಂಬದಿಯನ್ನು ಮುಟ್ಟಿ ನೋಡತಕ್ಕದ್ದು.'

"ಇಷ್ಟೆಲ್ಲ ಯಾರೂ ಬರೆಯೋದಿಲ್ಲ ಅಮ್ಮಾ," ಎಂದ ಅರ್ಧಸುತ್ತು.

"ಅವರಿದ್ದಿದ್ರೆ ಇನ್ನೂ ಉದ್ದ ಬರೀತಿದ್ರು. ಚಿತ್ರಾನೂ ಹಾಕ್ತಿದ್ರು."

ಅವನು ಹೊಸ ಹಾಳೆಯ ಮೇ​ಲೆ ಹೊಸದಾಗಿ ಸಹಿ ಹಾಕಿದ.

ಮರುದಿನ ಬೆಳಗ್ಗೆ ಗಾಳಿ ನಿಂತಿತ್ತು. ಮೈದಾನದ ಹುಲ್ಲಿನ ಮೇಲೆ ಹನಿಯಿತ್ತು. ಓರಗಿತ್ತಿ ಖಾಕಿ ಕೋಟು ಹಾಕಿಕೊಂಡೇ ಬಂದಿದ್ದಳು. ಬೇರೆ ಯಾವ ಬಟ್ಟೆಯಲ್ಲೂ ಕಾಲಿಗೆ ಪೆಡಲು ಸಿಗುವುದಿಲ್ಲವಂತೆ. ಎಂಜಿನ್ ಶುರುವಾಯಿತು, ಕೆಮ್ಮಿತು, ಮತ್ತೆ ಶುರುವಾಯಿತು. ವಿಮಾನ ಹುಲ್ಲಿನ ಮೇಲೆ ಕುಲುಕುತ್ತ ಓಡಿ, ಯಾರೂ ಕಣ್ಣೆವೆಯಿಕ್ಕದ ಒಂದು ಗಳಿಗೆಯಲ್ಲಿ ನೆಲ ಬಿಟ್ಟಿತು. ಬಡಗಿ ಅಳುತ್ತಿದ್ದ, ಅಳುತ್ತಿಲ್ಲವೆಂದು ತೋರಿಸಲು ಮೂಗು ಒರೆಸುತ್ತಿದ್ದ. ಹೊಲಿಗೆಯಕ್ಕ ರೆಕ್ಕೆಗಳನ್ನು ನೋಡಲಿಲ್ಲ. ಎರಡು ವರ್ಷ ಊಟದ ಮೇಜನ್ನು ಬಿಟ್ಟುಕೊಟ್ಟು ಹೊಲಿದ ರೆಕ್ಕೆಗಳು ಬಿಸಿಲಿಗೆ ಮಿಂಚುತ್ತಿದ್ದರೂ ಅವಳ ಜೀವವೆಲ್ಲ ಕಿವಿಯಲ್ಲಿತ್ತು. ಆ ಸದ್ದು ಒಮ್ಮೆಯಾದರೂ ತಡವರಿಸುತ್ತದೋ ಎಂದು ಇಪ್ಪತ್ತು ನಿಮಿಷ ಕೇಳುತ್ತ ನಿಂತಳು. ತಡವರಿಸಲಿಲ್ಲ. ವಿಮಾನ ಮೈದಾನವನ್ನು ಮೂರು ಸುತ್ತು ಹಾಕಿ, ಎರಡು ಸಲ ನೆಲಕ್ಕೆ ಪುಟಿದು, ಇಳಿಯಿತು.

"ಒಬ್ಬರೂ ಬೆಲ್ ಹೊಡೀಲಿಲ್ಲ!" ಎಂದು ಕೂಗಿದಳು ಓರಗಿತ್ತಿ, ಕನ್ನಡಕ ಹಣೆಗೇರಿಸಿ. "ಜೀವಮಾನದಲ್ಲಿ ಇಷ್ಟು ಶಾಂತವಾಗಿ ಗಾಡಿ ಓಡಿಸಿಲ್ಲ."

ಎಂಜಿನ್ ಆರುವವರೆಗೆ ಕಾದರು. ಹೊದಿಕೆ ತೆಗೆದಾಗ ಒಳಗಿನಿಂದ ಬಿಸಿ ಇನ್ನೂ ಮುಖಕ್ಕೆ ರಾಚುತ್ತಿತ್ತು. ಹೊಲಿಗೆಯಕ್ಕ ತೋಳು ಮೇಲೇರಿಸಿ ಆ ಗೇಣಿನ ಸಂದಿಗೆ ಕೈ ಇಳಿಸಿದಳು. ಜಾಲರಿಯ ಮುಚ್ಚಳದ ಅಂಚನ್ನು ಸುತ್ತ ಸವರಿದಳು, ಅದರ ಕೆಳಗೆ ಸವರಿದಳು, ತಂತಿಯನ್ನು ಮುಟ್ಟಿದಳು. ಅದು ತನ್ನ ಉಬ್ಬಿನ ಸಮೇತ ಬಿಗಿಯಾಗಿ ನಿಂತಿತ್ತು. ಕೈ ಹೊರತೆಗೆದು ಬೆಳಕಿಗೆ ಹಿಡಿದಳು. ಬೆರಳುಗಳು ಒಣಗಿದ್ದವು. ಒಂದು ಹನಿ ಎಣ್ಣೆಯಿರಲಿಲ್ಲ.

"ಅಕ್ಕ," ಎಂದಳು ಓರಗಿತ್ತಿ, ಚಕ್ರದ ಮೇಲೆ ಒಂದು ಕಾಲಿಟ್ಟು, "ಇನ್ನೊಂದು ಸಾರಿ ಹೋಗ್ಲಾ?"

ಹೊಲಿಗೆಯಕ್ಕ ಅವಳ ಕೋಟಿನ ಕಾಲರು ಸರಿಮಾಡಿದಳು.

"ಹೋಗಿ ಬಾ."